ಬಾಣಂತಿ ಕೋಣೆಯಲ್ಲಿ ತೊಳೆದ ಬೆಳಗುಗಳು

ಮೊನ್ನೆ ಮೊಮ್ಮಗಳ ಬಾಣಂತನಕ್ಕೆಂದು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದೆ. ಹೊಗೆ ಮೂಗಿಗೆ ತಾಕಿದ್ದೇ ತಡ, ನನಗೆ ಸಿಟ್ಟು ಬಂತು. ಎಳೆಮಗುವಿನ ಪಕ್ಕ ಕೂತು ಸಿಟ್ಟು ಮಾಡಿಕೊಳ್ಳುವ ಮುದುಕಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಆ ವಾಸನೆಗೆ ನನ್ನ ಸೋದರಮಾವ ನೆನಪಾಗುತ್ತಾರೆ... ಅವರು ಹೋಗಿ ನಲವತ್ತು ವರ್ಷದ ಮೇಲಾಯಿತು, ನನ್ನ ಜಗಳ ಇನ್ನೂ ಮುಗಿದಿಲ್ಲ.

ಆಗ ಮಹಾರಾಜರ ಕಾಲ. ಪಿರಿಯಾಪಟ್ಟಣದ ತಾತನ ಮನೆಯಲ್ಲೇ ನಾನು ಬೆಳೆದವಳು. ತಾತನದು ರಾಗಿ, ಹುರುಳಿಯ ಮಂಡಿ. ಅದನ್ನು ನೋಡಿಕೊಳ್ಳಬೇಕಾಗಿದ್ದ ಮಾವನಿಗೆ ಕ್ಯಾಮೆರಾದ ಹುಚ್ಚು. ಮಾಗಿಯಲ್ಲಿ ಹಾರನಹಳ್ಳಿ ಕಡೆಯ ಕೆರೆಗೆ ಮಂಜು ಕವಿದಾಗ, ಬೇಸಿಗೆಗೆ ಮುತ್ತುಗ ಹೂ ಬಿಟ್ಟಾಗ, ಮಳೆಗಾಲದಲ್ಲಿ ಹಂಪಾಪುರದ ಹತ್ತಿರ ಹೊಳೆ ತುಂಬಿದಾಗ, ಗಾಡಿ ಕಟ್ಟಿಸಿಕೊಂಡು ಹೊರಟೇಬಿಡುತ್ತಿದ್ದರು. ಸಂತೆಯ ದಿನ ರೈತರು ಮಂಡಿಯ ಮುಂದೆ ಕಾಯುತ್ತ ಕೂತರೆ ಬೀಗದ ಕೈ ಮಾವನ ಜೇಬಿನಲ್ಲಿ, ಮಾವ ಯಾವುದೋ ಕೆರೆ ಏರಿಯ ಮೇಲೆ. ಹೋಗಲಿ, ತೆಗೆದದ್ದಾದರೂ ಏನು? ಎಲ್ಲಿ ಹೋದರೂ ಬರೀ ಬೆಳಗು. ಕಪ್ಪು ಬಿಳುಪಿನಲ್ಲಿ ಸೂರ್ಯ ಹುಟ್ಟುವುದೂ ಒಂದೇ, ಮುಳುಗುವುದೂ ಒಂದೇ. ಸಂಜೆ ಹೋಗಬಾರದೇ ಎಂದರೆ ನನ್ನನ್ನು ಮರುಕದಿಂದ ನೋಡುತ್ತಿದ್ದರು.

ಫೋಟೋ ತೊಳೆಯುವುದಕ್ಕೆ ಕತ್ತಲೆ ಬೇಕು. ಮನೆಯಲ್ಲಿ ಬೆಳಕು ತೂರದ ಕೋಣೆ ಇದ್ದದ್ದು ಒಂದೇ, ಬಾಣಂತಿ ಕೋಣೆ. ವರ್ಷಗಟ್ಟಲೆ ಬಾಣಂತಿಯರಿಲ್ಲದೆ ಅದು ಮಾವನದೇ ಆಗಿಹೋಗಿತ್ತು. ನಾನು ಮೊದಲ ಹೆರಿಗೆಗೆ ಬಂದು ಮಲಗಿದ್ದೇ ಅವರಿಗೆ ದೊಡ್ಡ ಅನ್ಯಾಯವಾಯಿತು. ಮಗು ಹುಟ್ಟಿ ಹತ್ತು ದಿನವಾಗಿರಲಿಲ್ಲ, ನನ್ನ ಹಾಸಿಗೆಯನ್ನು ನಡುಮನೆಗೆ ಎಳೆಸಿ, ಕೆಂಪು ದೀಪ ಹಿಡಿದು ಬಾಗಿಲು ಹಾಕಿಕೊಂಡರು. ಗಾಳಿ ತಾಕಿದರೆ ಬಾಣಂತಿಗೆ ಸನ್ನಿಯಾಗುತ್ತದೆ ಎಂದು ಅಜ್ಜಿ ಹೊರಗಿನಿಂದ ಬೈಯುತ್ತಿದ್ದರೆ, ಸಾಂಬ್ರಾಣಿ ಹೊಗೆ ಚಿತ್ರ ಮೂಡುವ ತನ್ನ ಗಾಜಿನ ಪ್ಲೇಟುಗಳಿಗೆ ಮೆತ್ತಿಕೊಳ್ಳುತ್ತಿದೆ ಎಂದು ಮಾವ ಒಳಗಿನಿಂದ ಬೈಯುತ್ತಿದ್ದರು.

ಅದಕ್ಕೂ ನಾನು ಸುಮ್ಮನಿದ್ದೆ. ನನಗೆ ಅವರಿಂದ ಒಂದು ಕೆಲಸ ಆಗಬೇಕಿತ್ತು. ನನ್ನ ಗಂಡ ಯುದ್ಧಕ್ಕೆ ಹೋಗಿದ್ದರು. ಉಳಿದು ಬರುವರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮಗನ ಮುಖ ಒಮ್ಮೆ ನೋಡಬೇಕು ಎಂದು ಬರೆದಿದ್ದರು. ಒಂದು ಫೋಟೋ ತೆಗೆದುಕೊಡಿ ಮಾವ ಎಂದು ಕೇಳಿಕೊಂಡೆ. ಯುದ್ಧದಿಂದ ಪ್ಲೇಟು ಸಿಗುತ್ತಿಲ್ಲ, ಇರುವುದೊಂದೇ, ಅದೂ ಮಂಜಿಗೆ ಮೀಸಲು ಎಂದರು. ನಾನು ಅತ್ತುಬಿಟ್ಟೆ. ಅಜ್ಜಿ ಊಟ ಬಡಿಸುವುದಿಲ್ಲ ಎಂದರು. ಕಡೆಗೆ ಮಾವ ಒಪ್ಪಿದರು.

ಮಗುವನ್ನು ಮೊದಲ ಸಲ ಹೊರಗೆ ತಂದು ಸೂರ್ಯನಿಗೆ ತೋರಿಸುವ ಬೆಳಗ್ಗೆ ಹಿತ್ತಿಲಲ್ಲಿ ಕ್ಯಾಮೆರಾದ ಮುಕ್ಕಾಲಿ ನೆಟ್ಟರು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಮಗುವನ್ನು ಎತ್ತಿ ಹಿಡಿ ಎಂದರು, ಹಿಡಿದೆ. ಫೋಟೋ ತೊಳೆದು ಕೈಗಿತ್ತಾಗ ನೋಡುತ್ತೇನೆ, ಬಾವಿಕಟ್ಟೆಯ ಆಚೆ ಸೂರ್ಯ ಝಗಝಗಿಸುತ್ತಿದ್ದಾನೆ, ನಡುವೆ ನನ್ನ ಎರಡು ಕೈ, ಅದರ ಮೇಲೆ ಒಂದು ಕಪ್ಪು ಮುದ್ದೆ.

"ಕೂಸಿನ ಮಕ ಎಲ್ಲದೆ ಮಾವ?"

"ಮಕ ಇರ್ಲಿ ಬುಡವ್ವ, ಸೂರ್ಯ ಎಂಗ್ ಬಂದವ್ನೆ ನೋಡು."

ಅಜ್ಜಿ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಿದ್ದರು, ಮಾವ ಇಡೀ ಮಗುವನ್ನೇ ದೃಷ್ಟಿಬೊಟ್ಟು ಮಾಡಿಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಅದನ್ನೇ ಗಂಡನಿಗೆ ಕಳಿಸಿದೆ. ಎರಡು ದಿನ ಮಾವನೊಡನೆ ಮಾತು ಬಿಟ್ಟೆ. ಪ್ಲೇಟು ಬರಲಿ, ಈ ಸಲ ಮುಖವನ್ನೇ ತೆಗೆಯುತ್ತೇನೆ ಎಂದು ಅವರು ಅಜ್ಜಿಯ ಮುಂದೆ ಆಣೆ ಇಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲಿಂದಲೋ ಒಂದು ಡಬ್ಬಿ ಪ್ಲೇಟು ಬಂತು. ಬಂದದ್ದೇ ಮಾವ ಕೋಟೆ ತಾಲ್ಲೂಕಿನ ಕಾಡಿಗೆ, ಬೇಗೂರಿಗೆ ಹೊರಟರು. ಅಲ್ಲಿಯ ಬೆಳಗು ನೋಡಬೇಕಂತೆ! ಆ ಕಾಡಿನ ಚಳಿಜ್ವರ ಯಾರನ್ನೂ ಬಿಡುವುದಿಲ್ಲ ಎಂದು ಊರೆಲ್ಲ ಹೇಳಿತು. ಯಾರ ಮಾತು ಕೇಳಿದ ಜೀವ ಅದು... ವಾರದ ಮೇಲೆ ಗಾಡಿಯಲ್ಲಿ ಮಲಗಿಕೊಂಡೇ ಬಂದರು. ಬಾಣಂತಿ ಕೋಣೆಯಲ್ಲೇ ಹಾಸಿದೆವು. ನಡುಗುತ್ತ ನನ್ನನ್ನು ಹತ್ತಿರ ಕರೆದು ಡಬ್ಬಿ ತೋರಿಸಿದರು.

"ಒಂದ ಉಳಿಸಿವ್ನಿ ಕಣವ್ವ, ಕೂಸಿಗೆ. ಎದ್ದ ಮ್ಯಾಲೆ ತಗೀತೀನಿ."

ಏಳಲಿಲ್ಲ.

ಮಗನಿಗೆ ಮೂರು ತುಂಬಿದ ಮೇಲೆ ನನ್ನ ಗಂಡ ತಿರುಗಿ ಬಂದರು. ಮಗ ಅವರನ್ನು ಕಂಡು ನನ್ನ ಸೆರಗಿನ ಹಿಂದೆ ಅವಿತುಕೊಂಡ. ಅವರು ಜೇಬಿನಿಂದ ಅಂಚು ಸವೆದ ಆ ಫೋಟೋ ತೆಗೆದು, ಇದರಲ್ಲಿ ತಲೆ ಯಾವ ಕಡೆ ಎಂದು ಕೇಳಿದರು.

ಕ್ಯಾಮೆರಾ ಯಾರದೋ ಪಾಲಾಯಿತು. ಆ ಒಂದು ಪ್ಲೇಟು ಮಾತ್ರ ಕಪ್ಪು ಕಾಗದದಲ್ಲಿ ಸುತ್ತಿದಂತೆಯೇ ನನ್ನ ಟ್ರಂಕಿನ ತಳದಲ್ಲಿದೆ. ಮೊನ್ನೆ ಮೊಮ್ಮಗಳ ಗಂಡ ಮಗುವಿನ ಫೋಟೋಗಳನ್ನು ಪಟಪಟನೆ ತೆಗೆದು ಮುಗಿಸಿ, ಇದೇನಜ್ಜಿ ಎಂದು ನಾನು ತೆರೆದಿದ್ದ ಟ್ರಂಕಿನೊಳಗಿನ ಆ ಕಾಗದಕ್ಕೆ ಕೈ ಹಾಕಿದ. ಕೈಮೇಲೆ ಹೊಡೆದೆ. ಬಿಚ್ಚಿದರೆ ಬೆಳಕು ಬಿದ್ದು ಹಾಳಾಗುತ್ತದೆ ಎಂದೆ. ಬಿಚ್ಚದಿದ್ದರೂ ಇಷ್ಟು ವರ್ಷಕ್ಕೆ ಹಾಳಾಗಿದೆ ಎಂದ ಅವನು. ನನಗೆ ಗೊತ್ತಿಲ್ಲವೇ?

ಮಗನಿಗೆ ಈಗ ತಲೆ ನೆರೆತಿದೆ. ಎಳೆತನದಲ್ಲಿ ಅವನ ಮುಖ ಹೇಗಿತ್ತೆಂದು ನನಗೂ ಸರಿಯಾಗಿ ನೆನಪಿಗೆ ಬರುವುದಿಲ್ಲ... ಟ್ರಂಕು ಮುಚ್ಚುವಾಗ ಈಗಲೂ ಬೈಯುತ್ತೇನೆ. ಮೊದಲು ಕೂಸಿನದು ತೆಗೆದು ಆಮೇಲೆ ಕಾಡಿಗೆ ಹೋಗಿದ್ದರೆ ನಿಮ್ಮ ಸೂರ್ಯ ಎಲ್ಲಿಗೆ ಓಡಿಹೋಗುತ್ತಿದ್ದ, ಮಾವ?