ನೀರು ಬಿಟ್ಟ ಮಂತ್ರಿ

ಅಧಿಕಾರದಲ್ಲಿರುವವರಿಗೆ ಮುಜುಗರವಾಗಬೇಕು ಎಂಬ ಆಸೆಯಿಂದ ನಾನು ಸಿನಿಮಾ ಮಾಡಲು ಹೊರಟವನು. ಮುಜುಗರವಾದದ್ದು ಹೆಚ್ಚಾಗಿ ನಮ್ಮ ಮನೆಯವರಿಗೆ. ನನ್ನ ಮೊದಲ ಚಿತ್ರದಲ್ಲಿ ಒಬ್ಬ ಪುಢಾರಿಯನ್ನು ಚೆನ್ನಾಗಿ ಜಾಡಿಸಿದ್ದೆ. ಯಾರನ್ನು ನೋಡಿ ಆ ಪಾತ್ರ ಬರೆದಿದ್ದೆನೋ ಅವರೇ ಸಿಂಧನೂರಿನ ಪ್ರದರ್ಶನಕ್ಕೆ ಬಂದು, ಎರಡು ಗಂಟೆ ಮನಸಾರೆ ನಕ್ಕು, ನನಗೆ ಶಾಲು ಹೊದಿಸಿ ಹೋದರು. ಇಂಥವರು ಇರ್ತಾರ ನೋಡ್ರಿ ಎಂದು ಬೇಸರ ಬೇರೆ ಪಟ್ಟುಕೊಂಡರು.

ಎರಡನೆಯ ಚಿತ್ರದಲ್ಲಿ ಯಾರಿಗೂ ತಪ್ಪು ತಿಳಿವಳಿಕೆ ಆಗಬಾರದೆಂದು ಹಟ ತೊಟ್ಟೆ. ಕಾಲುವೆಯ ಕೊನೆಭಾಗದ ರೈತರಿಗೆ ನೀರು ಸಿಗದ ಕಥೆ. ರೈತರು ಮಂತ್ರಿಯ ಕಾರು ಅಡ್ಡಗಟ್ಟಿ ನೀರು ಕೇಳುತ್ತಾರೆ, ಮಂತ್ರಿ ಸಾಧ್ಯವಿಲ್ಲ ಎಂದು ಹೇಳಿ ಗಾಜು ಏರಿಸಿಕೊಂಡು ಹೋಗುತ್ತಾನೆ, ಕೊನೆಯಲ್ಲಿ ಒಣಗಿದ ಕಾಲುವೆ. ಇಷ್ಟೇ.

ಮಂತ್ರಿಯ ಪಾತ್ರಕ್ಕೆ ಗುರುಗುಂಟಾದ ಹಿಟ್ಟಿನ ಗಿರಣಿ ಮಾಲೀಕರನ್ನು ಹಿಡಿದೆ. ಎತ್ತರದ ಆಳು, ಒಳ್ಳೆಯ ಹೊಟ್ಟೆ, ಅದಕ್ಕೊಪ್ಪುವ ಮೀಸೆ. ಎಂದೂ ನಟಿಸಿದವರಲ್ಲ. ಒಂದೇ ಮಾತು ಹೇಳಿದರೆ ಸಾಕು ಎಂದು ಒಪ್ಪಿಸಿದೆ. ಚಿತ್ರೀಕರಣದ ದಿನ ಬಿಳಿ ಬಟ್ಟೆ ತೊಡಿಸಿ, ಬಾಡಿಗೆಯ ಬಿಳಿ ಕಾರಿನಲ್ಲಿ ಕೂರಿಸಿಕೊಂಡು ಜವಳಗೇರಾ ಕಡೆ ಹೊರಟೆವು.

ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. ಕಾರು, ಬಟ್ಟೆ, ಮೀಸೆ ಮೂರನ್ನೂ ಒಟ್ಟಿಗೆ ಕಂಡ ಹೋಟೆಲಿನವನು ಕುರ್ಚಿ ಒರೆಸಿ ಹಾಕಿದ. ಅಕ್ಕಪಕ್ಕದ ಅಂಗಡಿಯವರು ಎದ್ದು ಬಂದು ಕೈ ಮುಗಿದರು. ಯಾರೋ ಮಾಲೆಯನ್ನೂ ತಂದರು. ಇವರು ಯಾರೂ ಅಲ್ಲ, ಹಿಟ್ಟಿನ ಗಿರಣಿಯವರು ಎಂದು ನಾನು ಹೇಳಿದೆ. ದೊಡ್ಡವರಿಗೆ ಹಾಗೆ ಅನ್ನಬಾರದು ಎಂದು ನನ್ನನ್ನೇ ಗದರಿದರು. ಒಬ್ಬ ಅಜ್ಜಿ ಅವರ ಗಲ್ಲ ಮುಟ್ಟಿ ದೃಷ್ಟಿ ತೆಗೆದು, ತನ್ನ ಸೆರಗಿನಲ್ಲಿದ್ದ ಶೇಂಗಾ ಅಷ್ಟನ್ನೂ ಅವರ ಜೇಬಿಗೆ ಸುರಿದಳು. ಗಿರಣಿಯವರು ಕಣ್ಣೊರೆಸಿಕೊಂಡರು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವರು ಕಾರಿನ ಕಿಟಕಿಯಿಂದ ಜನರಿಗೆ ಕೈ ಮುಗಿಯುತ್ತ ಬಂದರು.

ಜವಳಗೇರಾದ ಕಾಲುವೆಯ ಮೇಲೆ ಕ್ಯಾಮೆರಾ ಹೂಡಿದೆವು. ರೈತರ ಪಾತ್ರಕ್ಕೆ ಅಲ್ಲಿನ ರೈತರೇ ನಿಂತಿದ್ದರು. ಅವರು ಕಾರು ತಡೆದು ನೀರು ಕೇಳಿದರು. ಗಿರಣಿಯವರು ನಿಧಾನವಾಗಿ ಗಾಜು ಇಳಿಸಿ ಹೇಳಿದರು:

“ನಾಳೆ ಮುಂಜಾನಿ ನೀರು ಬಿಡಸ್ತೀನಿ. ಚಿಂತಿ ಮಾಡಬ್ಯಾಡ್ರಿ.”

ರೈತರು ಚಪ್ಪಾಳೆ ತಟ್ಟಿದರು. ನಾನು ಕಟ್ ಎಂದೆ. ಮತ್ತೆ ತೆಗೆದೆವು, ಮತ್ತೆ ನೀರು ಬಿಟ್ಟರು. ಮೂರನೆಯ ಸಲ ನೀರಿನ ಜೊತೆ ಗೊಬ್ಬರವನ್ನೂ ಕೊಟ್ಟರು. ನಾನು ಅವರನ್ನು ಜಾಲಿಗಿಡದ ನೆರಳಿಗೆ ಕರೆದೊಯ್ದು, ನೀವು ಕೆಟ್ಟ ಮಂತ್ರಿ, ಇಲ್ಲ ಅನ್ನಬೇಕು ಎಂದು ತಿಳಿಹೇಳಿದೆ.

“ಅಷ್ಟು ಮಂದಿ ಕೈ ಮುಗಕೊಂಡು ನಿಂತಾರ. ಇಲ್ಲ ಅನ್ನಾಕ ನಂಗ ಬಾಯಿ ಬರವಲ್ದುರೀ,” ಎಂದರು ಅವರು. “ನೀವೇ ಬೇಕಾದ್ರ ಅಂದು ನೋಡ್ರಿ.”

ಹೊತ್ತು ಇಳಿಯುತ್ತಿತ್ತು, ಕಾರು ಸಂಜೆಯೊಳಗೆ ಒಂದು ಮದುವೆಗೆ ಹೋಗಬೇಕಿತ್ತು. ಮಂತ್ರಿ ಸುಳ್ಳು ಭರವಸೆ ಕೊಟ್ಟ ಎಂದು ಕಥೆಯನ್ನೇ ತಿರುಗಿಸಿದೆ. ಒಣಗಿದ ಕಾಲುವೆಯನ್ನು ಮೊದಲೇ ಬೇಸಿಗೆಯಲ್ಲಿ ತೆಗೆದಿಟ್ಟಿದ್ದೆ, ಅದನ್ನು ಕೊನೆಗೆ ಅಂಟಿಸಿದೆ. ಬೆಂಗಳೂರಿನಲ್ಲಿ ತೋರಿಸಿದಾಗ ಎಂಥ ಹರಿತವಾದ ವ್ಯಂಗ್ಯ ಎಂದು ಹೊಗಳಿದರು. ನಾನೂ ಅದು ಮೊದಲಿಂದಲೇ ಯೋಚಿಸಿದ್ದು ಎಂಬಂತೆ ತಲೆಯಾಡಿಸಿದೆ.

ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ತೋರಿಸಿದಾಗ ಮಾತ್ರ ಬೇರೆಯೇ ಆಯಿತು. ಮಂತ್ರಿ ಮಾತು ಕೊಟ್ಟಾಗ ಸಭೆಯೆಲ್ಲ ಶಿಳ್ಳೆ ಹಾಕಿತು. ಕೊನೆಗೆ ಒಣ ಕಾಲುವೆ ಕಂಡಾಗ ಒಬ್ಬ ಹಿರಿಯ ರೈತ ಎದ್ದು ನಿಂತು, ನೇರ ನನ್ನ ಕಡೆ ತಿರುಗಿದ.

“ಮಂತ್ರಿ ಬಿಡ್ತೀನಿ ಅಂದಾನ. ನಡುವ ನೀ ಯಾಕ ತಡದಿ?”

ಹೌದೌದು ಎಂದು ಸಭೆ ದನಿಗೂಡಿಸಿತು. ವ್ಯವಸ್ಥೆ, ಭರವಸೆ, ವಂಚನೆ ಎಂದು ನಾನು ವಿವರಿಸಹೋದೆ. ಯಾರೂ ಕೇಳಲಿಲ್ಲ. ಆಗ ಮೊದಲ ಸಾಲಿನಲ್ಲಿದ್ದ ಗಿರಣಿಯವರು ಎದ್ದು, ಸಿನಿಮಾದ ಮಂತ್ರಿಯ ಅದೇ ಗತ್ತಿನಲ್ಲಿ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. ಈ ವಿಷಯದಲ್ಲಿ ನಿರ್ದೇಶಕರ ಜೊತೆ ಮಾತಾಡುವುದಾಗಿ ಭರವಸೆ ಕೊಟ್ಟರು. ಮತ್ತೆ ಚಪ್ಪಾಳೆ.

ಮಾತಾಡಿಯೂ ಬಿಟ್ಟರು. ದಿನಾ ಬೆಳಿಗ್ಗೆ ಗಿರಣಿ ಶುರು ಮಾಡುವ ಮೊದಲು ಫೋನ್ ಮಾಡಿ, ನೀರಿನ ವಿಷಯ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ಸಾಕಾಗಿ, ಮುಂದಿನ ಮಳೆಗಾಲದಲ್ಲಿ ಕಾಲುವೆಗೆ ನೀರು ಬಂದಾಗ ಕ್ಯಾಮೆರಾ ಹೊತ್ತು ಜವಳಗೇರಾಕ್ಕೆ ಹೋದೆ. ಕೆಂಪು ನೀರು ಕಸಕಡ್ಡಿ ಹೊತ್ತುಕೊಂಡು ಬರುವುದನ್ನು, ದಂಡೆಯ ಮೇಲೆ ಗಿರಣಿಯವರು ನಿಂತು ಕೈ ಮುಗಿಯುವುದನ್ನು ತೆಗೆದು, ಚಿತ್ರದ ಕೊನೆಗೆ ಸೇರಿಸಿದೆ.

ಈಗ ನನ್ನ ಸಿನಿಮಾಕ್ಕೆ ಎರಡು ಪ್ರತಿಗಳಿವೆ. ಹೊರಗೆ ಕಳಿಸುವುದು ಒಣ ಪ್ರತಿ, ನಮ್ಮ ಕಡೆಗೆ ನೀರಿನ ಪ್ರತಿ. ಒಮ್ಮೆ ಲಿಂಗಸುಗೂರಿನಲ್ಲಿ ಗಡಿಬಿಡಿಯಲ್ಲಿ ಒಣ ಪ್ರತಿ ಹಾಕಿಬಿಟ್ಟೆ. ಸಂಘಟಕರು ಗೌರವದಿಂದಲೇ ಬಸ್ಸಿನವರೆಗೆ ಬಂದು ಬೀಳ್ಕೊಟ್ಟರು. ಊಟ ಮಾತ್ರ ಹಾಕಲಿಲ್ಲ.