ನಾದಿನಿಯ ಬಾತುಗಳಿಗೆ ಕಟ್ಟಿದ ಬೇಲಿ

ಗಂಡನನ್ನು ಕಳೆದುಕೊಂಡು ನನ್ನ ನಾದಿನಿ ನಮ್ಮ ಮನೆಗೆ ಬಂದಾಗ ಅವಳ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತೆ ಬಿದಿರಿನ ಮಂಕರಿಯೊಳಗೆ ಕತ್ತು ಚಾಚಿ ಕೂಗುತ್ತಿದ್ದ ಬಾತುಕೋಳಿಗಳು. ವಿರಾಜಪೇಟೆಯಲ್ಲಿ ಅವಳ ಗಂಡನಿಗೆ ಸಣ್ಣದೊಂದು ಅಂಗಡಿಯಿತ್ತು. ಚಳಿಜ್ವರದಲ್ಲಿ ಅವನು ತೀರಿಕೊಂಡ ಮೇಲೆ ಅಂಗಡಿ ಅವಳ ಮೈದುನನ ಪಾಲಾಯಿತು. ಹಿತ್ತಲಲ್ಲಿ ಸಾಕಿಕೊಂಡಿದ್ದ ಬಾತುಗಳು ಇವಳಿಗೆ ಉಳಿದವು.

ನಮ್ಮ ಯಜಮಾನರು ಆಗ ಗೋಣಿಕೊಪ್ಪಲಿನ ಆಚೆ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಕೂಲಿಯವರ ಸಾಲುಮನೆಗಳ ಲೈನುಗಳಿಂದ ಸ್ವಲ್ಪ ಮೇಲೆ ನಮ್ಮ ಮನೆ. ಹಿತ್ತಲಿನ ಕೊನೆಗೆ ಸಣ್ಣ ತೋಡು ಹರಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಆ ಹಿತ್ತಲಲ್ಲಿ ತರಕಾರಿ ಪಾತಿ ಮಾಡಿ, ಅದಕ್ಕೊಂದು ಬೇಲಿ ಹಾಕಿಕೊಡಿ ಎಂದು ಕೇಳುತ್ತಲೇ ಇದ್ದೆ. "ಕಾಫಿ ಪಿಕ್ಕಿಂಗ್ ಮುಗೀಲಿ" ಅನ್ನುವರು. ಪಿಕ್ಕಿಂಗ್ ಮುಗಿದರೆ "ಮಳೆ ನಿಲ್ಲಲಿ" ಅನ್ನುವರು. ನನ್ನ ಬದನೆ ಗಿಡಗಳನ್ನು ಲೈನಿನ ದನಗಳು ಬಂದು ತಿಂದು ಹೋಗುತ್ತಿದ್ದವು.

ತಂಗಿ ಬಂದ ಮೊದಲ ಭಾನುವಾರ, ಕಾಫಿ ಕುಡಿದ ಲೋಟವನ್ನು ಕೆಳಗಿಟ್ಟವರೇ ಇವರು ಕತ್ತಿ ಹಿಡಿದು ಬಿದಿರು ಕಡಿಯಲು ಹೊರಟರು. "ಎಲ್ಲಿಗೆ?" ಎಂದು ಕೇಳಿದೆ. "ಬಾತುಗಳಿಗೆ ಒಂದು ಬೇಲಿ ಬೇಡ್ವಾ? ನರಿ ಬಿಡುತ್ತಾ ಅವನ್ನ?" ಎಂದರು. ಗಂಡ ಸತ್ತು ಬಂದ ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಮೊದಲ ಬೇಲಿ ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕಾಡುಬೆಕ್ಕು ಬೇಲಿಯ ಬುಡ ಕೆರೆದು ಒಳಗೆ ನುಗ್ಗಿ ಒಂದು ಹೆಣ್ಣು ಬಾತನ್ನು ಎಳೆದುಕೊಂಡು ಹೋಗಿತ್ತು. ತೋಡಿನವರೆಗೂ ಬಿಳಿ ಗರಿ ಬಿದ್ದಿದ್ದವು. ನಾದಿನಿ ಆ ಗರಿಗಳನ್ನು ಹೆಕ್ಕುತ್ತಾ ಅತ್ತಳು. ಗಂಡ ತೀರಿಕೊಂಡಾಗಲೂ ನಮ್ಮೆದುರು ಅಳದಿದ್ದವಳು ಅವಳು. ಇವರು ಮಧ್ಯಾಹ್ನದ ಊಟವನ್ನೇ ಬಿಟ್ಟರು. ನನಗೆ ಜ್ವರ ಬಂದು ಮಲಗಿದ್ದಾಗ ಚೆನ್ನಾಗಿ ಉಂಡು ಆಫೀಸಿಗೆ ಹೋದ ಮನುಷ್ಯ!

ಆಮೇಲೆ ಅಣ್ಣ ತಂಗಿ ಇಬ್ಬರೂ ಸೇರಿ ಹೊಸ ಬೇಲಿಗೆ ಇಳಿದರು. ಯುದ್ಧದ ಕಾಲ, ತಂತಿಬಲೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸುತ್ತಲೂ ಮೊಣಕಾಲಾಳ ಕಾಲುವೆ ತೆಗೆದು ಚಪ್ಪಟೆ ಕಲ್ಲುಗಳನ್ನು ನಿಲ್ಲಿಸಿ ಹೂತರು. ಅದರ ಮೇಲೆ ಬಿದಿರಿನ ಸೀಳುಗಳನ್ನು ಬೆರಳು ತೂರದ ಹಾಗೆ ಹೆಣೆದರು. ಬೇಲಿಯ ತಲೆಗೆ ಸೀಗೆ ಮುಳ್ಳು, ಹದ್ದು ಎರಗದಂತೆ ಮೇಲೊಂದು ಹಳೆಯ ಮೀನುಬಲೆ. ರಾತ್ರಿ ಬಾತುಗಳು ಮಲಗುವ ಗೂಡನ್ನು ಕಂಬಗಳ ಮೇಲೆ ಎತ್ತರಿಸಿ, ಯಾವ ಬೆಕ್ಕೂ ಹತ್ತದಂತೆ ಕಂಬಗಳಿಗೆ ಸೀಮೆಎಣ್ಣೆ ಡಬ್ಬದ ತಗಡು ಸುತ್ತಿದರು. ತೋಡಿನಿಂದ ನೀರು ಒಳಗೆ ಬಂದು ಹೋಗಲು ಒಂದು ಕಂಡಿ ಬಿಟ್ಟರು.

ಕೆಲಸ ಮಾಡುತ್ತಾ ಇಬ್ಬರೂ ಮಾತಾಡುತ್ತಿದ್ದರು. ಶನಿವಾರಸಂತೆ ಕಡೆಯ ತಮ್ಮ ಊರು, ಕದ್ದ ಪೇರಳೆ ಹಣ್ಣು, ಅಪ್ಪನ ಬೆತ್ತ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತ ನನಗೆ ಅವರ ನಗು ಕೇಳುತ್ತಿತ್ತು. ನನ್ನ ಗಂಡ ಹಾಗೆ ಹೊಟ್ಟೆ ಹಿಡಿದುಕೊಂಡು ನಗಬಲ್ಲರು ಎಂಬುದೇ ನನಗೆ ಗೊತ್ತಿರಲಿಲ್ಲ. ಕಾಫಿ ತೆಗೆದುಕೊಂಡು ಹೋದರೆ ನಗು ನಿಲ್ಲುತ್ತಿತ್ತು. "ಏನು ವಿಷಯ?" ಅಂದರೆ, "ಏನಿಲ್ಲ, ಹಳೇದು" ಅನ್ನುವರು. ಆ ಹಳೆಯದರಲ್ಲಿ ನಾನು ಎಲ್ಲೂ ಇರಲಿಲ್ಲ.

ಬಾತುಮೊಟ್ಟೆ ಹಾಕಿದರೆ ಕೇಕು ಚೆನ್ನಾಗಿ ಉಬ್ಬುತ್ತದೆಂದು ದೊರೆಯ ಬಂಗ್ಲೆಯ ಬಟ್ಲರ್ ಬಂದು ಮೊಟ್ಟೆ ಕೇಳತೊಡಗಿದ. ಒಂದು ಸಾಯಂಕಾಲ ದೊರೆಸಾನಿಯೇ ನಾಯಿ ಹಿಡಿದುಕೊಂಡು ಇಳಿದು ಬಂದು ಬೇಲಿಯನ್ನು ಸುತ್ತು ಹಾಕಿ ನೋಡಿ, "ವೆರಿ ಗುಡ್" ಎಂದು ನಾದಿನಿಯ ಭುಜ ತಟ್ಟಿದರು. ನನ್ನ ಕಡೆ ತಿರುಗಿ, ಇದು ಯಾರು ಎನ್ನುವ ಹಾಗೆ ಹುಬ್ಬೇರಿಸಿದರು. "ನಮ್ಮ ಅತ್ತಿಗೆ" ಎಂದಳು ನಾದಿನಿ. ನನ್ನ ಮನೆಯ ಹಿತ್ತಲಲ್ಲಿ ನಾನು ಯಾರೆಂದು ಅವಳು ಹೇಳಬೇಕಾಯಿತು. ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಬೇಸಗೆಗೆ ಮುಂಚೆ ಮೊಟ್ಟೆಗಳಿಗೆ ಕಾವು ಕೊಡಿಸುವ ಮಾತು ಬಂತು. ಆ ಬಾತುಗಳು ಮೊಟ್ಟೆಯಿಟ್ಟು ಎದ್ದು ಹೋಗುತ್ತಿದ್ದವು, ಕಾವಿಗೆ ಕೂರುತ್ತಿರಲಿಲ್ಲ. ನನ್ನ ಹತ್ತಿರ ತವರಿನಿಂದ ಬಂದ ಒಂದು ಕೆಂಪು ಹ್ಯಾಟೆಕೋಳಿ ಇತ್ತು, ಆಗಷ್ಟೇ ಕಾವಿಗೆ ಬಂದಿತ್ತು.

"ಅತ್ತಿಗೆ, ನಿಮ್ಮ ಹ್ಯಾಟೆ ಕೊಡ್ತೀರಾ?" ನಾದಿನಿ ಮೆಲ್ಲಗೆ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಇವರು, "ಕೊಡದೆ ಏನು? ತಗೊಂಡ್ಹೋಗು" ಎಂದುಬಿಟ್ಟರು.

ನನ್ನ ಕೋಳಿಯೂ ಅವಳ ಬೇಲಿಯೊಳಕ್ಕೆ ಹೋಯಿತು. ಮರಿಗಳು ಹೊರಬಂದಾಗ ಅದು ಅವನ್ನು ಕರೆದುಕೊಂಡು ತಿರುಗುವುದನ್ನು ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಹಳದಿ ಮರಿಗಳು ದುಡುದುಡು ನೀರಿಗಿಳಿದಾಗ ಅದು ದಡದಲ್ಲಿ ಅತ್ತಿಂದಿತ್ತ ಓಡಾಡಿ ಗೋಳಾಡುತ್ತಿತ್ತು. ಅದರ ಸಂಕಟ ನನಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು!

ಒಂದು ಮಧ್ಯಾಹ್ನ ನಾದಿನಿ ಬಂಗ್ಲೆಗೆ ಮೊಟ್ಟೆ ಕೊಡಲು ಹೋಗಿದ್ದಳು. ಹ್ಯಾಟೆ ಕಿರುಚಿಕೊಂಡದ್ದು ಕೇಳಿ ಹೊರಗೆ ಓಡಿದೆ. ನೀರಿನ ಕಂಡಿಯಿಂದ ಒಂದು ದೊಡ್ಡ ಉಡ ನುಸುಳಿ ಬಂದಿತ್ತು. ಅದರ ಬಾಯಲ್ಲಿ ಒಂದು ಮರಿ. ನನ್ನ ಹ್ಯಾಟೆ ರೆಕ್ಕೆ ಕೆದರಿಕೊಂಡು ಅದರ ಮೂತಿಗೇ ಹಾರುತ್ತಿತ್ತು. ನಾನು ಸೌದೆಯ ತುಂಡು ಎತ್ತಿಕೊಂಡು ಒಳಗೆ ನುಗ್ಗಿ ಬಡಿದೆ. ಮರಿಯನ್ನು ಬಿಟ್ಟ ಉಡ ನನ್ನ ಮುಂಗೈಗೆ ಬಾಯಿ ಹಾಕಿತು. ಇನ್ನೊಂದು ಪೆಟ್ಟಿಗೆ ಬಂದ ದಾರಿಯಲ್ಲೇ ತೋಡಿಗೆ ಬಿತ್ತು. ಕೈಯಿಂದ ರಕ್ತ ಸುರಿಯುತ್ತಿತ್ತು.

ಲೈನಿನವರು ಕೂಗಿ ಹೇಳಿದರೆಂದು ಇವರು ಆಫೀಸಿನಿಂದ ಓಡಿ ಬಂದರು. ನೇರ ಬೇಲಿಯ ಹತ್ತಿರ ಹೋಗಿ, "ಮರಿಗಳೆಲ್ಲ ಇದ್ದಾವಾ?" ಎಂದು ಕೇಳಿದರು.

ಅಷ್ಟರಲ್ಲಿ ನಾದಿನಿ ಏದುಸಿರು ಬಿಡುತ್ತಾ ಬಂದಳು. ಬಾತುಗಳತ್ತ ಕಣ್ಣೂ ಹಾಯಿಸದೆ ನನ್ನ ಕೈ ಹಿಡಿದುಕೊಂಡಳು.

"ಅಣ್ಣಾ, ಮರಿ ಹಾಳಾಗ್ಲಿ. ಅತ್ತಿಗೆ ಕೈ ನೋಡಿಲ್ಲಿ! ನಿಂಗೆ ಕಣ್ಣಿಲ್ವಾ?"

ಇವರು ಆಗ ನನ್ನ ಕಡೆ ತಿರುಗಿದರು. ಬಿಸಿನೀರು ತಂದರು, ಬಟ್ಟೆ ಹರಿದು ಕಟ್ಟಿದರು, ಎಸ್ಟೇಟಿನ ಕಾಂಪೌಂಡರನ್ನು ಕರೆತಂದರು. ನೋವಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಬೇರೆ. ನನ್ನ ಗಂಡ ನನ್ನ ಕೈ ನೋಡಲಿಕ್ಕೂ ಅವಳೇ ಹೇಳಬೇಕಾಯಿತಲ್ಲ! ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಿತ್ತು. ಗಾಯ ಮಾಯುವವರೆಗೆ ಅವಳೇ ನನ್ನ ತಲೆ ಬಾಚಿದಳು, ಅನ್ನ ಕಲಸಿ ಕೊಟ್ಟಳು. ನಾನು ಉಂಡೆ, ಮನಸ್ಸಿನ ಕಿಚ್ಚು ಮಾತ್ರ ಆರಲಿಲ್ಲ.

ಮರುವರ್ಷ ಅವಳಿಗೆ ಇನ್ನೊಂದು ಸಂಬಂಧ ಕೂಡಿ ಬಂತು. ಸಂಪಾಜೆಯವರು, ಹೆಂಡತಿ ತೀರಿಕೊಂಡವರು. ಎಸ್ಟೇಟಿನ ಕಾಫಿ ಮೂಟೆಗಳನ್ನು ಗಾಡಿಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ನಮ್ಮವರಲ್ಲಿ ಗಂಡ ಸತ್ತವಳು ಮತ್ತೆ ಕೂಡಿಕೆಯಾಗುವುದು ಇತ್ತು. ಮಾತುಕತೆ ಸಲೀಸಾಗಿ ಮುಗಿಯಿತು. ಬಾತುಗಳ ಮಂಕರಿಯನ್ನು ಗಾಡಿಗೆ ಏರಿಸಿ ಅವಳು ಹೊರಟಾಗ ನಾನೂ ಅತ್ತೆ. ಅದು ಬರೀ ನಾಟಕದ ಅಳುವೇನಲ್ಲ, ಆದರೆ ಗಾಡಿ ತಿರುವು ದಾಟಿದ ಮೇಲೆ ಎದೆ ಹಗುರಾದದ್ದೂ ಸುಳ್ಳಲ್ಲ.

ಹಗುರಾದದ್ದು ಸ್ವಲ್ಪ ದಿನ ಅಷ್ಟೇ. ಪಿಕ್ಕಿಂಗ್ ಇನ್ನೂ ನಡೆಯುತ್ತಿರುವಾಗಲೇ ಇವರು ದೊರೆಯ ಹತ್ತಿರ ರಜೆ ಕೇಳಿದರು.

"ಅಲ್ಲಿ ಕಾಡು ಹತ್ತಿರ. ಬಾತುಗಳಿಗೆ ಒಂದು ಬೇಲಿ ಹಾಕಿ ಬರ್ತೀನಿ" ಎಂದರು.

"ಅವಳ ಗಂಡನಿಗೆ ಕೈಯಿಲ್ವಾ?" ನನ್ನ ಬಾಯಿಂದ ಬಂದೇ ಬಿಟ್ಟಿತು.

"ಗಾಡಿ ಹೊಡೆಯೋರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?" ಎಂದು ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು.

ಒಂದು ವಾರವಾದರೂ ಬರುವುದಿಲ್ಲ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ. ಹೋದ ಮರುದಿನವೇ ಸಾಯಂಕಾಲ ತಿರುಗಿ ಬಂದರು. ಗೋಣಿ ಸುತ್ತಿದ ಕತ್ತಿಯನ್ನು ಮೂಲೆಗಿಟ್ಟು ಜಗಲಿಯ ಮೇಲೆ ಕುಳಿತರು.

"ಇಷ್ಟು ಬೇಗ ಆಯ್ತಾ?" ಎಂದೆ.

"ನಾನು ಹೋಗೋ ಹೊತ್ತಿಗೆ ಬೇಲಿ ಕಟ್ಟಿ ಆಗಿತ್ತು. ಅವಳ ಯಜಮಾನರೇ ಕಟ್ಟಿದ್ದಾರೆ. 'ಬೇಲಿ ಉಂಟಲ್ಲ ಭಾವ, ನಿಮಗೆಂತಕೆ ಕಷ್ಟ' ಅಂದರು. ಕತ್ತಿ ಬಿಚ್ಚೋಕೂ ಬಿಡ್ಲಿಲ್ಲ."

"ಗಟ್ಟಿ ಉಂಟಾ ಬೇಲಿ?"

"ನಂದಕ್ಕಿಂತ ಗಟ್ಟಿ" ಎಂದರು. "ಅವಳೂ ಅವರೂ ನಗ್ತಾ ನಗ್ತಾ ಕಟ್ಟಿದ್ರಂತೆ. ಪಕ್ಕದ ಮನೆಯವರು ಹೇಳಿದ್ರು."

ತುಟಿಯನ್ನು ಒಂದು ಕಡೆಗೆ ಬಿಗಿದು ಕುಳಿತಿದ್ದರು. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು, ಬೇಲಿಯ ಹೊರಗೆ ನಿಂತ ದಿನಗಳಲ್ಲಿ ಅದು ನನ್ನದೇ ಆಗಿತ್ತು. ಏನಾದರೂ ಚುಚ್ಚಿ ಮಾತಾಡಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು.

"ಕೈಕಾಲು ತೊಳ್ಕೊಂಡು ಬನ್ನಿ, ಬಿಸಿ ಕಡುಬು ಇದೆ" ಎಂದು ಹೇಳಿ ಎಲೆ ಹಾಕಿದೆ. ಅಂದು ಅವರು ಬಹಳ ಹೊತ್ತು ನನ್ನ ಜೊತೆ ಮಾತಾಡುತ್ತಾ ಕೂತರು. ಮಾತೆಲ್ಲ ಸಂಪಾಜೆಯವರ ಬೇಲಿಯಲ್ಲಿ ಎಲ್ಲೆಲ್ಲಿ ಸಂದು ಬಿಟ್ಟಿದೆ ಎಂಬುದರ ಬಗ್ಗೆಯೇ. ನಾನು ಹೌದು ಹೌದು ಎನ್ನುತ್ತಾ ಬಡಿಸುತ್ತಿದ್ದೆ.