ಧೂಳನ್ನೇ ಬೈದ ಎದುರುಮನೆ ಅತ್ತಿ

ಮೊನ್ನೆ ಅವ್ವನನ್ನು ನೋಡಲು ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿಟಕಿ ಪಕ್ಕದ ಸೀಟು. ಎದುರಿನಿಂದ ಅದಿರು ಲಾರಿಯೊಂದು ದಾಟಿದ್ದೇ ತಡ, ಕೆಂಪು ಧೂಳು ಮುಖಕ್ಕೆ ಬಡಿಯಿತು. ಮಳೆಗಾಲದಲ್ಲೂ ಎರಡು ದಿನ ಬಿಸಿಲು ಬಿದ್ದರೆ ಸಾಕು, ಏಳುವ ಕಬ್ಬಿಣದ ವಾಸನೆಯ ಒಣ ಧೂಳು. ನಮ್ಮ ಕಡೆಯವರಿಗೆ ಅದು ಮೂಗಿನಲ್ಲೇ ಗೊತ್ತಾಗುತ್ತದೆ. ಕಣ್ಣು ಉಜ್ಜಿಕೊಳ್ಳಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಬೈಯಲು ಈಗ ಅತ್ತಿ ಇಲ್ಲ, ಆದರೂ ಕೈಗೆ ಹೆದರಿಕೆ ಹೋಗಿಲ್ಲ...

ನಮ್ಮ ಮನೆಯ ಎದುರಿಗಿದ್ದವಳು ಆಕೆ. ರಕ್ತಸಂಬಂಧವೇನಲ್ಲ, ಆದರೂ ಓಣಿಯ ಮಕ್ಕಳಿಗೆಲ್ಲ ಅತ್ತಿ. ಲಾರಿಗಳು ನಿಲ್ಲುವ ರಸ್ತೆಯ ಬದಿಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪುಟ್ಟ ಹೋಟೆಲು ನಡೆಸುತ್ತಿದ್ದಳು. ಬಾಗಿಲಲ್ಲೇ ಮುಚ್ಚಳ ಹಾಕಿದ ನೀರಿನ ಡ್ರಮ್ಮು, ಚೊಂಬು, ಸೋಪು. ಎಂಥ ಹಸಿದ ಡ್ರೈವರನೇ ಬರಲಿ, ಮೊದಲು ಕೈ ತೊಳೆದು, ಕಣ್ಣಿಗೆ ನೀರು ಹಾಕಿಕೊಳ್ಳದೆ ಪ್ಲೇಟು ಸಿಗುತ್ತಿರಲಿಲ್ಲ. ಯಾರಾದರೂ ಕಣ್ಣು ತಿಕ್ಕುತ್ತ ಒಳಗೆ ಬಂದರೆ ಬಾಣಲೆಯ ಮುಂದಿನಿಂದಲೇ ಕೇಳುತ್ತಿದ್ದಳು:

“ಅದೇನು ಕಣ್ಣೋ, ರೊಟ್ಟಿ ಹಿಟ್ಟೋ? ಹಂಗ ನಾದಾಕ ಹತ್ತಿಯಲ್ಲ.”

ಮಿರ್ಚಿ ತಿಂದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ಒಬ್ಬರ ಟವೆಲ್ಲು ಇನ್ನೊಬ್ಬರು ಮುಟ್ಟಬಾರದು. ಕಣ್ಣು ಕೆಂಪಾದರೆ ಜೇನುತುಪ್ಪ, ಸೊಪ್ಪಿನ ರಸ ಎಂದೆಲ್ಲ ಹಾಕಿಕೊಂಡವರಿಗಂತೂ ಆಕೆಯ ಬಾಯಿಂದ ಬಿಡುಗಡೆಯೇ ಇಲ್ಲ. ನಾನು ಪುಸ್ತಕವನ್ನು ಮೂಗಿಗೆ ಹಿಡಿದು ಕುಳಿತರೆ ಹೊರಗೆ ಹೋಗಿ ಬಿಸಿಲಲ್ಲಿ ಆಡು ಎಂದು ಅಟ್ಟುತ್ತಿದ್ದಳು. ನುಗ್ಗೆ ಸೊಪ್ಪಿನ ಪಲ್ಯ ಮಾಡಿದ ದಿನ ನಮ್ಮ ಮನೆಗೂ ಒಂದು ಬಟ್ಟಲು ಬರುತ್ತಿತ್ತು. ನನಗೆ ಅದು ಸೇರುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಹೊಸಪೇಟೆಯ ಕಾಲೇಜಿಗೆ ಹೋಗಿಬರುತ್ತಿದ್ದ ಕಾಲಕ್ಕೆ ಅತ್ತಿ ಚಹಾವನ್ನು ಲೋಟದ ಹೊರಗೆ ಸುರಿಯತೊಡಗಿದಳು. ಎಡಗಡೆ ಬಂದು ನಿಂತವರು ಆಕೆಗೆ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಚೌಕಟ್ಟನ್ನೇ ಬೈಯುತ್ತಿದ್ದಳು. ಗಿರಾಕಿಗಳು ತಮಾಷೆ ಮಾಡಿದರೆ, ಕಣ್ಣಾಗ ಧೂಳು ಕುಂತೈತಿ ಎಂದು ಲಾರಿಗಳಿಗೆ ಶಾಪ ಹಾಕಿ ಇನ್ನೊಂದು ಚೊಂಬು ನೀರು ಹಾಕಿಕೊಳ್ಳುತ್ತಿದ್ದಳು. ನಮಗೂ ಅದು ಸರಿಯೆಂದೇ ಕಂಡಿತು. ನಮ್ಮೂರಿನಲ್ಲಿ ಕೆಮ್ಮು ಬಂದರೂ ಧೂಳು, ಬಟ್ಟೆ ಹಳತಾದರೂ ಧೂಳು. ಕಣ್ಣು ಮಂಜಾದರೆ ಬೇರೆ ಕಾರಣವನ್ನು ಯಾರು ಹುಡುಕುತ್ತಾರೆ? ಹೀಗೆ ಎರಡು ವರ್ಷವೋ ಏನೋ, ಆಕೆ ಕಣ್ಣು ತೊಳೆಯುತ್ತಲೇ ಇದ್ದಳು...

ಒಂದು ದಿನ ಕಾದ ಎಣ್ಣೆಯ ಜಾಲರಿ ಸೌಟನ್ನು ಮೇಜಿನ ಮೇಲೆಂದು ತಿಳಿದು ಗಾಳಿಯಲ್ಲಿ ಇಟ್ಟಳು. ಅದು ಕಾಲ ಮೇಲೆ ಬಿತ್ತು. ಸುಟ್ಟ ಗಾಯ ವಾಸಿಯಾದ ಮೇಲೆ ಅವ್ವ ಒತ್ತಾಯ ಮಾಡಿ, ಹೊಸಪೇಟೆಯ ಕಣ್ಣಿನ ಡಾಕ್ಟರ ಬಳಿಗೆ ನನ್ನ ಜೊತೆ ಕಳಿಸಿದಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ ಎಂದರು. ನೋವಿಲ್ಲದೆ, ಅಂಚಿನಿಂದ ಸದ್ದಿಲ್ಲದೆ ನೋಟ ಹೋಗುತ್ತದಂತೆ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಲು ದಿನವೂ ಹನಿ ಹಾಕಬೇಕು. ಬಹಳ ತಡವಾಗಿದೆ ಎಂಬುದನ್ನೂ ಮೆಲ್ಲಗೆ ಹೇಳಿದರು. ಅತ್ತಿ ಕೇಳಿದ್ದು ಒಂದೇ: “ಧೂಳಲ್ಲೇನ್ರಿ ಡಾಕ್ಟ್ರ?” ಅಲ್ಲ, ತೊಳೆದದ್ದು ಒಳ್ಳೆಯದೇ, ಆದರೆ ಇದು ತೊಳೆದರೆ ಹೋಗುವಂಥದಲ್ಲ ಎಂದರು. ನಲವತ್ತು ದಾಟಿದವರು, ಕಣ್ಣು ಚೆನ್ನಾಗಿದೆ ಅನಿಸಿದರೂ, ಆಗಾಗ ತೋರಿಸಿಕೊಳ್ಳುತ್ತಿರಬೇಕು ಎಂದೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಹನಿಯ ಬಾಟಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಊರು ಹತ್ತಿರ ಬಂದಾಗ ನನ್ನ ಕೈ ಹಿಡಿದು ಕೇಳಿದಳು:

“ನಿಮ್ಮವ್ವಗ ಈಗ ವಯಸ್ಸೆಷ್ಟವ್ವ?”

ಮರುವಾರವೇ ಅವ್ವನನ್ನು ಹೊರಡಿಸಿದಳು. ಅವ್ವ ಸೂಜಿಗೆ ದಾರ ಪೋಣಿಸಿ ತೋರಿಸಿ, ನನಗೇನೂ ಆಗಿಲ್ಲ, ಸುಮ್ಮನೆ ಯಾಕೆ ಎಂದಳು. ಅತ್ತಿ ಬಾಗಿಲು ಬಿಟ್ಟು ಕದಲಲಿಲ್ಲ. “ನಂಗೂ ಏನೂ ಆಗಿದ್ದಿಲ್ಲವ್ವ. ನಡಿ, ತೋರಿಸ್ಕೊಂಡು ಬರಾಕ ಏನು ರೋಗ ನಿಂಗ?” ಅವ್ವ ಗೊಣಗುತ್ತಲೇ ಹೋದಳು. ಅದೇ ಒತ್ತಡ ಅವ್ವನ ಕಣ್ಣಲ್ಲೂ ಶುರುವಾಗಿತ್ತು. ಶುರುವಿನಲ್ಲೇ ಸಿಕ್ಕಿತು. ಅವತ್ತಿನಿಂದ ಅವ್ವ ಹನಿ ತಪ್ಪಿಸಿಲ್ಲ.

ಅತ್ತಿಯ ಹೋಟೆಲನ್ನು ಆಮೇಲೆ ಆಕೆಯ ತಂಗಿ ನೋಡಿಕೊಂಡಳು. ಅತ್ತಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕಣ್ಣು ತೊಳೆದವರನ್ನೆಲ್ಲ ನಿಲ್ಲಿಸಿ ವಯಸ್ಸು ಕೇಳುತ್ತಿದ್ದಳು. ತೊಳೆದರೆ ಸಾಲದು, ತೋರಿಸಿಕೊಳ್ಳಿ ಎಂದು ಬೆನ್ನು ಹತ್ತುತ್ತಿದ್ದಳು. ಎಷ್ಟು ಜನ ಕೇಳಿದರೋ, ಎಷ್ಟು ಜನ ನಕ್ಕು ಹೋದರೋ...

ಹನಿ ಹಾಕಿದರೂ ಅಷ್ಟು ತಡವಾಗಿದ್ದ ಕಣ್ಣು ಕೊನೆಗೆ ಉಳಿಯಲಿಲ್ಲ. ಬರಬರುತ್ತ ನನ್ನನ್ನು ದನಿಯಿಂದಷ್ಟೇ ಗುರುತಿಸುತ್ತಿದ್ದಳು. ಒಮ್ಮೆ, ಮಳೆ ಬಿದ್ದು ಗುಡ್ಡವೆಲ್ಲ ಹಸಿರಾಗಿದ್ದ ಸಂಜೆ, ನಮ್ಮ ಕಟ್ಟೆಯ ಮೇಲೆ ಅವ್ವನ ಪಕ್ಕದಲ್ಲಿ ಕೂತಿದ್ದಳು.

“ಗುಡ್ಡ ಕಾಣ್ತೈತೇನು ನಿಂಗ?”

ಕಾಣುತ್ತದೆ ಎಂದಳು ಅವ್ವ.

“ಹೆಂಗೈತಿ, ಹೇಳು.”

ಮೋಡ ಎಲ್ಲಿಯವರೆಗೆ ಇಳಿದಿದೆ, ನೀರು ಯಾವ ಕಡೆ ಹರಿಯುತ್ತಿದೆ, ಎಲ್ಲಿ ಹಸಿರು, ಎಲ್ಲಿ ಇನ್ನೂ ಕೆಂಪು ಎಂದು ಅವ್ವ ಒಂದೊಂದಾಗಿ ಹೇಳಿದಳು. ಅತ್ತಿ ಗುಡ್ಡದ ಕಡೆಗೇ ಮುಖ ಮಾಡಿ ಕೇಳಿಸಿಕೊಂಡಳು. ಆಮೇಲಿನ ಮಳೆಗಾಲಗಳಲ್ಲಿ ಅವರಿಬ್ಬರಿಗೆ ಅದೇ ರೂಢಿಯಾಯಿತು.

ಅತ್ತಿ ಹೋಗಿ ಬಹಳ ವರ್ಷಗಳಾದವು. ಮೊನ್ನೆ ನಾನು ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಮೋಡ ಅರ್ಧ ಗುಡ್ಡಕ್ಕೆ ಇಳಿದಿದೆ, ಕೆಳಗೆಲ್ಲ ಹಸಿರು ಎಂದು ಮೆಲ್ಲಗೆ ಹೇಳುತ್ತಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಮುಗಿಯುವವರೆಗೂ ಬ್ಯಾಗು ಹಿಡಿದು ಅಲ್ಲೇ ನಿಂತಿದ್ದೆ.